ಹೆಸರು ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹಾಕುವ ಮೊದಲೇ ಬೇರೆ ಕೋಚ್ ಕರೆದರೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಗಳು ಅಮೆರಿಕದ ಕಾಲೇಜಲ್ಲಿ ಡಿವಿಷನ್ 1 ಟೆನಿಸ್ ಆಡುತ್ತಾಳೆ, ಎರಡನೇ ವರ್ಷ. ಬೇರೆ ಕಾಲೇಜಿನ ಅಸಿಸ್ಟೆಂಟ್ ಕೋಚ್ ಅವಳ ಡಬಲ್ಸ್ ಜೊತೆಗಾತಿಯ ಕೈಲಿ ‘ನಮ್ಮಲ್ಲಿಗೆ ಬಾ, ಪೂರ್ತಿ ಸ್ಕಾಲರ್‌ಶಿಪ್’ ಅಂತ ಹೇಳಿಸಿದ್ದಾರೆ. ಪೋರ್ಟಲ್‌ನಲ್ಲಿ (ಕಾಲೇಜು ಬದಲಾಯಿಸಲು ಬಯಸುವ ಆಟಗಾರರ ಪಟ್ಟಿ) ಇವಳ ಹೆಸರೇ ಇಲ್ಲ. ಟ್ಯಾಂಪರಿಂಗ್ (ಪೋರ್ಟಲ್‌ಗೆ ಹೆಸರು ಹಾಕುವ ಮೊದಲೇ ಬೇರೆ ಕಾಲೇಜಿನ ಆಟಗಾರರನ್ನು ಸೆಳೆಯುವುದು) ಅಂತ ದೂರು ಕೊಡಬೇಕಾ, ಸುಮ್ನೆ ಇರಬೇಕಾ?

ಡಲ್ಲಾಸ್ ಅಪ್ಪ: ನಮ್ಮ ಮಗ ಈಜುಗಾರ. 2022ರಲ್ಲಿ ಇಂಥದ್ದೇ ಮಾತು ನಂಬಿ ಹೆಸರು ಹಾಕಿಸಿದ. ಸೆಮಿಸ್ಟರ್ ಮುಗಿದದ್ದೇ ಹಳೇ ಕಾಲೇಜು ಸ್ಕಾಲರ್‌ಶಿಪ್ ನಿಲ್ಲಿಸಿತು. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಕರೆದ ಕೋಚ್ ಫೋನ್ ಎತ್ತೋದೇ ಬಿಟ್ಟರು. ಕೊನೆಗೆ ಸಿಕ್ಕಿದ ಕಾಲೇಜು 58 ಕ್ರೆಡಿಟ್‌ನಲ್ಲಿ 41 ಮಾತ್ರ ಒಪ್ಪಿತು. ಮೂರನೇ ವರ್ಷ ಆಡಲು ಡಿಗ್ರಿಯ ಶೇ. 40 ಮುಗಿದಿರಬೇಕಲ್ಲ, 120ಕ್ಕೆ 48. ಏಳು ಕಮ್ಮಿ! ಬೇಸಿಗೆಯಲ್ಲಿ ಮೂರು ಕೋರ್ಸ್, ಒಂದೊಂದಕ್ಕೆ 1,460 ಡಾಲರ್. ಮನೆ ಅಡ್ವಾನ್ಸ್ 900 ಮುಳುಗಿತು. ಸಾಮಾನು ಸಾಗಿಸಲು ಟ್ರಕ್ಕಿಗೆ 640. ಎಲ್ಲಾ ರಸೀದಿ ಇಟ್ಟಿದ್ದೇನೆ.

ಎಡಿಸನ್ ಅಮ್ಮ: ನಂಬಿ ಹೋದದ್ದು ನೀವು, ಈಗ ಅಳೋದ್ಯಾಕೆ ಸರ್? ನಾವು ದೂರು ಕೊಟ್ಟೆವು. ಕಾಲೇಜಲ್ಲಿ ಆಟದ ನಿಯಮ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿಗೆ 23 ಸ್ಕ್ರೀನ್‌ಶಾಟ್. ಮಗಳ ಫೋನನ್ನೇ ಕೇಳಿದರು. ಅವಳು ಮೂರು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಏಳು ತಿಂಗಳಾದ ಮೇಲೆ ‘ಪರಿಶೀಲಿಸಿದ್ದೇವೆ’ ಅಂತ ಎರಡು ಸಾಲಿನ ಮೇಲ್ ಬಂತು. ಆದರೂ ಕೊಟ್ಟದ್ದೇ ಸರಿ.

ಡಲ್ಲಾಸ್ ಅಪ್ಪ: ಎರಡು ಸಾಲಿಗೆ ಏಳು ತಿಂಗಳು. ಫ್ರೇಮ್ ಹಾಕಿಸಿ ಮೇಡಂ.

ಎಡಿಸನ್ ಅಮ್ಮ: ಹಾಕಿಸ್ತೀನಿ. ನಿಮ್ಮ ರಸೀದಿಗಳನ್ನೂ ಕಳಿಸಿ, ಪಕ್ಕದಲ್ಲೇ ನೇತು ಹಾಕೋಣ.

ಮೈಸೂರಿನ ತಾಯಿ: ಜಗಳ ಬಿಡಿ. ನಮ್ಮವನದು ಎಫ್-1, ಅಂದ್ರೆ ವಿದ್ಯಾರ್ಥಿ ವೀಸಾ. 2024ರ ಏಪ್ರಿಲ್‌ನಿಂದ ಮಾರ್ಕ್ಸ್ ಸರಿ ಇದ್ದರೆ ಎಷ್ಟು ಸಲ ಕಾಲೇಜು ಬದಲಾಯಿಸಿದರೂ ಒಂದು ವರ್ಷ ಆಡದೆ ಕೂರಬೇಕಿಲ್ಲ ಅಂತ ಎಲ್ಲರೂ ಕುಣಿದರು. ವೀಸಾಕ್ಕೆ ಕಾಲೇಜು ಕೊಡುವ ಐ-20 ಪತ್ರ ಕೂಡ ಬದಲಾಗಬೇಕು ಅಂತ ಒಬ್ಬರೂ ಹೇಳಲಿಲ್ಲ. ಹೊಸದು ಬರುವ ಹೊತ್ತಿಗೆ ಆಗಸ್ಟ್ 19. ಟಿಕೆಟ್ ಎರಡು ಸಲ ಬದಲಾಯಿಸಿ 46,000 ರೂಪಾಯಿ ಜಾಸ್ತಿ ಬಿತ್ತು. ಈಗಂತೂ ಆಟಗಾರರಿಗೆ ದುಡ್ಡು ಹಂಚಲು ಒಪ್ಪಿದ ಕಾಲೇಜುಗಳಲ್ಲಿ ಟೆನಿಸ್ ಟೀಮಿಗೆ 10 ಜನ ಅಷ್ಟೇ. ಆ ಹನ್ನೊಂದನೆಯವರು ನಿಮ್ಮ ಮಗಳಾದರೆ?

ಡೆನ್ವರ್: ಟ್ರಕ್ಕಿಗೆ 640ಆ? ನಾವು 210ಕ್ಕೆ ಮುಗಿಸಿದೆವು.

ಡಲ್ಲಾಸ್ ಅಪ್ಪ: 710 ಮೈಲಿ ರೀ. ನಿಮ್ಮದು ಪಕ್ಕದ ಬೀದಿಗಾ?

ಡೆನ್ವರ್: ಅಷ್ಟು ದೂರ ಹಾಸಿಗೆ ಯಾಕೆ ಹೊರಬೇಕಿತ್ತು? ಅಲ್ಲೇ ಕೊಳ್ಳಬಹುದಿತ್ತು ಅಲ್ವಾ?

ಪ್ರಶ್ನೆ ಕೇಳಿದವರು: ದೂರು ಕೊಡಬೇಕಾ ಬೇಡ್ವಾ ಅಂತ…

ಡಲ್ಲಾಸ್ ಅಪ್ಪ: ಮೇಡಂ, ಒಂದು ನಿಮಿಷ. ಆ ಹಾಸಿಗೆ ಹೊಸದು ರೀ, 380 ಡಾಲರ್!