ಪದ ಬೇಕು: ಮರದ ವಿಷಲ್‌ಗೆ ಬೋರ್ಡಿನಲ್ಲಿ ಏನಂತ ಬರೆಸೋದು?

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕಾಗಿದೆ. ಬೋರ್ಡ್ ಬರೆಯುವವರು ನಾಳೆ ಮಧ್ಯಾಹ್ನದೊಳಗೆ ಅಕ್ಷರ ಕೊಡಿ ಅಂದಿದ್ದಾರೆ.

ನನ್ನ ತಮ್ಮ ಲೇತ್‌ನಲ್ಲಿ ಮರದ ವಿಷಲ್ ಕಡೆಯುತ್ತಾನೆ. ತೋಟದಲ್ಲಿ ಹಳೇ ಕಾಫಿ ಗಿಡ ಕಿತ್ತು ಹೊಸದು ಹಾಕುವಾಗ ಸಿಗುವ ಬೊಡ್ಡೆಯಿಂದ ಚಿಕ್ಕವು, ಹಳೇ ಮನೆ ಬಿಚ್ಚಿದಾಗ ಸಿಕ್ಕ ಬೀಟೆ ತುಂಡುಗಳಿಂದ ದೊಡ್ಡವು. ಚಿಕ್ಕದು ಬೆರಳುದ್ದ, ಬೆರಳಿಡುವ ತೂತಿಲ್ಲ, ಊದಿದರೆ ಒಂದೇ ಸ್ವರ. ದೊಡ್ಡದು ಸುಮಾರು ಒಂದು ಅಡಿ, 6 ತೂತು, ಐರ್ಲೆಂಡಿನವರು ನುಡಿಸುವ ಟಿನ್ ವಿಷಲ್ ಇದೆಯಲ್ಲ, ಅದೇ ಅಳತೆ. ಅದರಲ್ಲಿ ಹಾಡು ನುಡಿಸಬಹುದು. ಭಾನುವಾರ ಸಂತೆಯಲ್ಲಿ ಮಳಿಗೆ ಹಾಕುತ್ತಿದ್ದೇವೆ. ಜೊತೆಗೆ ಹೇಗೆ ಆರಿಸಬೇಕು, ಹೇಗೆ ಊದಬೇಕು ಅಂತ ಒಂದು ಚೀಟಿ ಕೊಡಬೇಕು. ಇಂಗ್ಲಿಷ್‌ನಲ್ಲಿ ಇದ್ದದ್ದನ್ನು ಕನ್ನಡ ಮಾಡಲು ಕೂತೆ, ಮೊದಲ ಸಾಲಿನಲ್ಲೇ ನಿಂತೆ.

ಕೊಳಲು ಅಂದರೆ ಜನ ಅಡ್ಡ ಹಿಡಿಯುತ್ತಾರೆ. ಹೋದ ಸಲ ಒಬ್ಬರು ಮೊದಲ ತೂತಿಗೆ ತುಟಿ ಇಟ್ಟು ಊದಿ ಊದಿ ಸಾಕಾಗಿ, ಇದು ಕೆಟ್ಟಿದೆ ಅಂತ ವಾಪಸ್ ಇಟ್ಟು ಹೋದರು. ಪೀಪಿ ಅಂದರೆ ತಮ್ಮನಿಗೆ ಬೇಜಾರು. ಒಂದು ಮಾಡಲು ಎರಡು ದಿನ ಹಿಡಿಯುತ್ತೆ, ಅದನ್ನು ಮಕ್ಕಳಾಟ ಅನ್ನಬೇಡ ಅನ್ನುತ್ತಾನೆ. ಸೀಟಿ ಅಂತ ನಮ್ಮ ಕಡೆ ಯಾರೂ ಅನ್ನಲ್ಲ. ಶಿಳ್ಳೆ ಅನ್ನಬಹುದಾ? ಬಾಯಿಯ ಹತ್ತಿರ ಒಳಗೆ ಕೂರಿಸುವ ಸಣ್ಣ ಮರದ ತುಂಡಿಗೂ ಒಂದು ಪದ ಹೇಳಿ.

ಹಾಸನದಿಂದ:

ವಿಷಲ್ ಅಂತಲೇ ಬರೆಸಿ. ಹಾಸನ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಕಂಡಕ್ಟರ್ ಊದುವುದು ವಿಷಲ್. ಅಡುಗೆಮನೆಯಲ್ಲಿ ಕುಕ್ಕರಿಗೂ ವಿಷಲ್. ಹೊಸ ಪದ ಕಟ್ಟಿದರೆ ಕೆಳಗೆ ವಿಷಲ್ ಅಂತ ವಿವರಣೆ ಹಾಕಲೇಬೇಕು. ಹಾಗಿದ್ದ ಮೇಲೆ ಮೇಲಿನದು ಯಾಕೆ?

ಬೇಲೂರಿನಿಂದ:

ಹಾಸನದವರ ಮಾತು ಒಪ್ಪಲ್ಲ. ಕನ್ನಡದಲ್ಲಿ ಪದ ಇಲ್ಲದಿದ್ದರೆ ಸರಿ, ಇರುವಾಗ ಯಾಕೆ ಬಿಡಬೇಕು?

ಮೊದಲನೆಯದಾಗಿ ಅದು ಶಿಳ್ಳೆ ಅಲ್ಲ, ಸಿಳ್ಳೆ. ಅಚ್ಚಗನ್ನಡದ ಪದಕ್ಕೆ ಶಕಾರ ತಂದು ಹಚ್ಚುವುದು ಸುಮ್ನೆ ಶೋಕಿ. ಮೂಲ ಸಿಳ್ಳು. ಇದು ಸೀಳು ಎಂಬುದರ ಜೊತೆಯ ಪದ ಅಂತ ನಾನು ಮೊದಲಿನಿಂದ ಹೇಳುತ್ತಾ ಬಂದಿದ್ದೇನೆ. ಗಾಳಿಯನ್ನು ಸೀಳಿದಾಗ ಹುಟ್ಟುವುದು ಸಿಳ್ಳು. ಬಾಯಲ್ಲಾಗಲಿ ಮರದಲ್ಲಾಗಲಿ ನಡೆಯುವುದು ಇದೇ.

ಎರಡನೆಯದು, ಪಿಳ್ಳಂಗೋವಿ ಅನ್ನುವ ಚೆಂದದ ಪದ ನಮ್ಮಲ್ಲೇ ಇದೆ. ಕೋವಿ ಅಂದರೆ ಈಗ ಮಲೆನಾಡಿನವರಿಗೆ ಬಂದೂಕು ಮಾತ್ರ ನೆನಪಾಗುತ್ತೆ. ಬಂದೂಕು ಬರುವ ಮೊದಲು ಕೋವಿ ಅಂದರೆ ಬರೀ ಕೊಳವೆ. ನಳಿಗೆ ಕೊಳವೆಯ ಹಾಗೆ ಇರುವುದಕ್ಕೆ ಬಂದೂಕಿಗೆ ಆ ಹೆಸರು ಬಂತು. ಹಾಗಾಗಿ ಸಿಳ್ಳುಗೋವಿ ಅನ್ನಿ. ಎರಡೂ ನಮ್ಮವೇ ಪದಗಳು. ಒಳಗಿನ ತುಂಡಿಗೆ ಬಿರಡೆ.

ಸಕಲೇಶಪುರದಿಂದ:

ಚಿಕ್ಕಮಗಳೂರಿನ ಅಕ್ಕಾ, ಮೊದಲು ನಿಮ್ಮ ತಮ್ಮನಿಗೆ ಶಹಬ್ಬಾಸ್ ಹೇಳಿ. ಕಾಫಿ ಮರ ಗಟ್ಟಿ, ಎಳೆ ಸಣ್ಣದು, ಕಡೆದರೆ ನುಣುಪು ಚೆನ್ನಾಗಿ ಬರುತ್ತೆ. ಸೌದೆಗೆ ಹೋಗುವ ಬೊಡ್ಡೆಯಿಂದ ಸ್ವರ ತೆಗೆಯುತ್ತಿದ್ದಾರೆ ಅಂದರೆ ನನಗೆ ತುಂಬಾ ಸಂತೋಷ. ನಾನೂ ಇಪ್ಪತ್ತು ವರ್ಷದಿಂದ ಇಂಥವನ್ನು ಊದುತ್ತಿದ್ದೇನೆ, ಒಂದೆರಡು ಮಾಡಿ ಹಾಳೂ ಮಾಡಿದ್ದೇನೆ. ಅದಕ್ಕೆ ನಾಲ್ಕು ಮಾತು ಜಾಸ್ತಿ ಬರೆಯುತ್ತೇನೆ.

ಬೇಲೂರಿನ ಮೇಷ್ಟ್ರೇ, ಸೀಳು ಮತ್ತು ಸಿಳ್ಳು ಒಂದೇ ಬೇರು ಅನ್ನೋದು ಕೇಳಲು ಚೆಂದ, ನಾನು ನಂಬಲ್ಲ. ಸಿಳ್ಳು ಅನುಕರಣ ಪದ. ಕಿವಿಗೆ ಕೇಳಿದ್ದನ್ನೇ ಬಾಯಿ ಹೇಳಿದೆ, ಪೀಪಿ, ಚಿಲಿಪಿಲಿ ಇದ್ದ ಹಾಗೆ. ನಮ್ಮ ಘಟ್ಟದ ಹಳ್ಳಗಳ ಹತ್ತಿರ ಮಳೆಗಾಲದ ಬೆಳಗ್ಗೆ ಮನುಷ್ಯರ ಹಾಗೆ ರಾಗ ಎಳೆಯುವ ನೀಲಿ ಹಕ್ಕಿ ಇದೆಯಲ್ಲ, ಅದು ಸರಳೆ ಸಿಳ್ಳಾರ. ಅದು ಯಾವ ಗಾಳಿ ಸೀಳುತ್ತಿದೆ ಅಂತ ನೋಡಿ ಯಾರೂ ಹೆಸರಿಡಲಿಲ್ಲ, ಕೇಳಿ ಇಟ್ಟರು. ಸಿಳ್ಳು ನಮ್ಮ ಕಡೆಯ ಜೀವಂತ ಪದ ಅನ್ನೋದಕ್ಕೆ ಆ ಹಕ್ಕಿಯೇ ಸಾಕ್ಷಿ. ಅಷ್ಟಕ್ಕೆ ನಾನು ನಿಮ್ಮ ಕಡೆ.

ಆದರೆ ಸಿಳ್ಳೆ ಒಂದನ್ನೇ ವಸ್ತುವಿನ ಹೆಸರಾಗಿ ಇಡಲು ಬರಲ್ಲ. ಕ್ರಿಯಾಪದ ನೋಡಿ. ಸಿಳ್ಳೆ ಹೊಡೆಯುತ್ತೇವೆ, ಸಿಳ್ಳೆ ಹಾಕುತ್ತೇವೆ, ಅದು ಬಾಯಿಯ ಕೆಲಸ. ಪೀಪಿ ಊದುತ್ತೇವೆ, ವಿಷಲ್ ಊದುತ್ತೇವೆ, ಕೊಳಲು ಊದುತ್ತೇವೆ, ಅವು ಕೈಯಲ್ಲಿ ಹಿಡಿಯುವ ಸಾಮಾನು. ಕುಕ್ಕರ್ ಮಾತ್ರ ತಾನೇ ಕೂಗುತ್ತೆ. ‘ಇಲ್ಲಿ ಸಿಳ್ಳೆ ಸಿಗುತ್ತದೆ’ ಅಂತ ಬೋರ್ಡ್ ಹಾಕಿದರೆ ಓದುವವರಿಗೆ ಅರ್ಧ ವಾಕ್ಯ ಓದಿದ ಹಾಗೆ ಅನಿಸುತ್ತೆ.

ಪೀಪಿ ಬೇಡ ಅಂದಿದ್ದು ಸರಿ, ಆದರೆ ಕಾರಣ ಬೇರೆ. ತೆಂಗಿನ ಗರಿ ಸುತ್ತಿ ಮಾಡಿದ ಪೀಪಿ ಇರಲಿ, ಪರಂಗಿ ದಂಟಿನದ್ದಿರಲಿ, ಮೊಳೆತ ಮಾವಿನ ಓಟೆ ಉಜ್ಜಿ ಮಾಡಿದ್ದಿರಲಿ, ಅಲ್ಲಿ ತುದಿಯಲ್ಲಿ ಏನೋ ಒಂದು ತೆಳ್ಳಗಿನದು ನಡುಗುತ್ತೆ. ತುಟಿಗೆ ಕಚಗುಳಿ ಆಗುವುದು ಅದಕ್ಕೇ. ನಿಮ್ಮ ತಮ್ಮನ ವಿಷಲ್‌ನಲ್ಲಿ ಮರದ ಯಾವ ಭಾಗವೂ ಹಾಗೆ ನಡುಗಲ್ಲ. ಒಳಗೆ ಕೂರಿಸಿದ ತುಂಡಿನ ಮೇಲಿನ ಸಣ್ಣ ದಾರಿಯಲ್ಲಿ ಗಾಳಿ ತೆಳ್ಳಗೆ ಹಾಳೆಯ ಹಾಗೆ ಹೋಗಿ, ಎದುರಿಗೆ ಇರುವ ಚೂಪು ಅಂಚಿಗೆ ಬಡಿದು, ಒಮ್ಮೆ ಒಳಗೆ ಒಮ್ಮೆ ಹೊರಗೆ ವಾಲಾಡುತ್ತೆ. ಸ್ವರ ಅಲ್ಲಿ ಹುಟ್ಟುತ್ತೆ. ಕೊಳಲಲ್ಲಿ ಆಗುವುದೂ ಇದೇ, ಅಲ್ಲಿ ಆ ಗಾಳಿಯ ದಾರಿಯನ್ನು ನಮ್ಮ ತುಟಿಯೇ ಮಾಡಬೇಕು, ಅದಕ್ಕೇ ಕೊಳಲು ಕಲಿಯುವವರು ಮೊದಲ ವಾರ ಬರೀ ಗಾಳಿ ಊದುತ್ತಾರೆ. ವಿಷಲ್‌ನಲ್ಲಿ ಆ ಕೆಲಸ ಮರ ಮಾಡಿಕೊಡುತ್ತೆ. ಅಂದಮೇಲೆ ಇದು ಕೊಳಲಿನ ಮನೆಯದೇ, ಹೆಸರಿನಲ್ಲಿ ಕೊಳಲು ಇರಬೇಕು. ಆದರೆ ಹಳೇಬೀಡಿನ ಗೋಡೆಯ ಮೇಲೆ ವೇಣುಗೋಪಾಲನನ್ನು ನೋಡಿದವರ ಮನಸ್ಸಲ್ಲಿ ಕೊಳಲು ಅಂದರೆ ಅಡ್ಡವೇ. ಬರೀ ಕೊಳಲು ಅಂದರೆ ತಪ್ಪಾಗಿ ಹಿಡಿಯುತ್ತಾರೆ, ಅದನ್ನು ನೀವೇ ಕಣ್ಣಾರೆ ನೋಡಿದ್ದೀರಿ.

ಹಾಗಾಗಿ ದೊಡ್ಡದಕ್ಕೆ ‘ಸಿಳ್ಳುಗೊಳಲು’. ಆದೇಶ ಸಂಧಿಯಲ್ಲಿ ಕ ಹೋಗಿ ಗ ಆಗಲೇಬೇಕು, ಸಿಳ್ಳುಕೊಳಲು ಅಂತ ಬರೆಸಬೇಡಿ. ಗೋವಿ ಬೇಡ ಮೇಷ್ಟ್ರೇ. ಸಕಲೇಶಪುರದ ಸಂತೆಯಲ್ಲಿ ಗೋವಿ ಅಂತ ಬೋರ್ಡ್ ಹಾಕಿದರೆ ಲೈಸೆನ್ಸ್ ಕೇಳುತ್ತಾರೆ.

ಒಳಗಿನ ತುಂಡಿಗೆ ಬಿರಡೆಯೂ ಬೇಡ. ಬಿರಡೆ ತೆಗೆದು ಹಾಕುವಂಥದ್ದು, ಇಲ್ಲಾ ವೀಣೆಯದರ ಹಾಗೆ ತಿರುಗಿಸುವಂಥದ್ದು. ಇದು ಒಮ್ಮೆ ಹೊಡೆದು ಕೂರಿಸಿದರೆ ಮುಗೀತು. ಬಡಗಿಗಳು ಅದಕ್ಕೆ ಬೆಣೆ ಅನ್ನುತ್ತಾರೆ. ಅದರ ಮೇಲಿನದು ಗಾಳಿದಾರಿ. ಮೇಲೆ ಕೊರೆದ ಚೌಕ ಬಾಯಿ ಕಿಂಡಿ. ಕಿಂಡಿಯ ಆಚೆ ಕಡೆಯ ಚೂಪು ಅಂಚು ಅಲಗು. ನಾಲ್ಕೂ ದಿನಬಳಕೆಯ ಪದ, ಯಾರಿಗೂ ವಿವರಿಸಬೇಕಾಗಿಲ್ಲ.

ಚೀಟಿಗೆ ನಾನಾದರೆ ಹೀಗೆ ಬರೆಯುತ್ತೇನೆ. ಕೊಳ್ಳುವ ಮೊದಲು ಊದುವ ತುದಿಯಿಂದ ಗಾಳಿದಾರಿಯೊಳಗೆ ಬೆಳಕಿಗೆ ಹಿಡಿದು ನೋಡಿ. ದಾರಿ ಉದ್ದಕ್ಕೂ ನಯವಾಗಿರಬೇಕು, ನಾರು ಎದ್ದಿರಬಾರದು, ಅಲಗು ದಾರಿಗೆ ಸರಿಯಾಗಿ ಎದುರಿಗೆ ಕಾಣಬೇಕು. ಅಲಗಿನ ಮೇಲೆ ಬೆರಳು ಇಡಬೇಡಿ, ಅದು ಚಿಪ್ಪೆದ್ದರೆ ಸ್ವರ ಹೋಯಿತು. ತಲೆಯ ಭಾಗದಲ್ಲಿ ಬೆಣೆಯ ಸುತ್ತ ಕೂದಲಿನಷ್ಟು ಬಿರುಕಿದ್ದರೂ ಬೇಡ. ಹೊಳಪು ನೋಡಿ ಮರುಳಾಗಬೇಡಿ, ಪಾಲಿಷ್ ಹೊರಗೆ, ಸ್ವರ ಒಳಗೆ.

ಆಮೇಲೆ 6 ತೂತನ್ನೂ ಮುಚ್ಚಿ ಮೆಲ್ಲಗೆ ಊದಿ. ಬಿಸಿ ಕಾಫಿ ಆರಿಸುವಾಗ ಊದುತ್ತೇವಲ್ಲ, ಅದಕ್ಕಿಂತ ಮೆಲ್ಲಗೆ. ಕೆಳಗಿನ ಸ್ವರ ನಡುಗದೆ, ಮೇಲಕ್ಕೆ ಜಿಗಿಯದೆ ನಿಂತರೆ ಅದು ಒಳ್ಳೆಯ ಸಿಳ್ಳುಗೊಳಲು. ನನ್ನ ಪ್ರಕಾರ ಇದೊಂದೇ ಪರೀಕ್ಷೆ ಸಾಕು. ಜೋರಾಗಿ ಊದಿದರೆ ಎಂಥದ್ದೂ ಕೂಗುತ್ತೆ, ಮೆಲ್ಲಗೆ ಊದಿದಾಗ ಮಾಡಿದವನ ಕೈ ಗೊತ್ತಾಗುತ್ತೆ. ಅದೇ ಬೆರಳಿನಲ್ಲಿ ಸ್ವಲ್ಪ ಒತ್ತಿ ಊದಿದರೆ ಮೇಲಿನ ಸ್ಥಾಯಿಗೆ ಸಲೀಸಾಗಿ ಹತ್ತಬೇಕು. ತೂತುಗಳನ್ನು ಬೆರಳ ತುದಿಯಲ್ಲಿ ಅಲ್ಲ, ಬೆರಳ ಮೆತ್ತೆಯಲ್ಲಿ ಮುಚ್ಚಿ. ಸ್ವರ ಕೀರಲಾದರೆ ಹತ್ತರಲ್ಲಿ ಒಂಬತ್ತು ಸಲ ಯಾವುದೋ ತೂತು ಪೂರ್ತಿ ಮುಚ್ಚಿಲ್ಲ ಅಂತ. ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತಾ ಹೋಗಿ, ಶಂಕರಾಭರಣದ ಸ್ವರಗಳು ಸಾಲಾಗಿ ಬರುತ್ತವೆ. ಪ್ರತಿ ಸ್ವರ ಶುರು ಮಾಡುವಾಗ ನಾಲಿಗೆಯಲ್ಲಿ ‘ತು’ ಅಂದುಕೊಳ್ಳಿ.

ಇನ್ನೊಂದು ಮಾತು ನಮ್ಮ ಊರುಗಳಿಗೇ ಬೇಕಾದದ್ದು. ಚಳಿ ಬೆಳಗ್ಗೆ ತಣ್ಣಗಿರುವ ಮರಕ್ಕೆ ಊದಿದರೆ ಉಸಿರಿನ ಹಬೆ ಗಾಳಿದಾರಿಯಲ್ಲಿ ನೀರಾಗಿ ಕೂತು ಸ್ವರ ಕಟ್ಟುತ್ತೆ. ಮೊದಲು ಐದು ನಿಮಿಷ ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿ. ಹೊಸದನ್ನು ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಊದಬೇಡಿ. ಒಳಗೆ ಒದ್ದೆಯಾಗಿ ಹೊರಗೆ ಒಣಗಿದ್ದರೆ ಮರ ಬಿರಿಯುತ್ತೆ. ಊದಿದ ಮೇಲೆ ಬಟ್ಟೆಯಲ್ಲಿ ಒಳಗೆ ಒರೆಸಿ ಇಡಿ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ. ಕೊಳವೆಗೆ ಆಗಾಗ ಎಣ್ಣೆ ಸವರಬಹುದು, ಬೆಣೆಗೆ ಮತ್ತು ಗಾಳಿದಾರಿಗೆ ಮಾತ್ರ ಎಣ್ಣೆ ಸೋಕಿಸಬೇಡಿ. ನಾನು ಒಂದು ಹಾಳು ಮಾಡಿದ್ದು ಹಾಗೆಯೇ.

ಹಾಸನದಿಂದ:

ಚೀಟಿ ಚೆನ್ನಾಗಿದೆ. ಪದ ಒಪ್ಪಲ್ಲ. ಚಿಕ್ಕಮಗಳೂರಿನಲ್ಲಿ ಕೂತು ಕಾಫಿಗೆ ಕನ್ನಡ ಪದ ಹುಡುಕದವರು ವಿಷಲ್‌ಗೆ ಯಾಕೆ ಹುಡುಕುತ್ತೀರಿ? ತೋಟದಲ್ಲಿ ಪಲ್ಪರ್, ಪಾರ್ಚ್‌ಮೆಂಟ್ ಅಂತ ಓದು ಬಾರದವರೂ ಅನ್ನುತ್ತಾರೆ. ಕುರ್ಚಿ, ಚಾವಿ, ಸಾಬೂನು ಯಾವುದು ನಮ್ಮದು? ಲೇತ್ ಅನ್ನುವಾಗ ಯಾರಿಗೂ ನೋವಾಗಲಿಲ್ಲ.

ಬೇಲೂರಿನಿಂದ:

ಕಾಫಿ ಬಂದಾಗ ವಸ್ತು ಹೊಸದು, ಹೆಸರೂ ಅದರ ಜೊತೆ ಬಂತು, ಅದರಲ್ಲಿ ತಪ್ಪಿಲ್ಲ. ಸಿಳ್ಳು ಇಲ್ಲಿ ಮೊದಲೇ ಇತ್ತು. ಮನೆಯಲ್ಲಿ ಇದ್ದದ್ದನ್ನು ಹೊರಗೆ ಹಾಕಿ ಸಾಲ ತರುವುದು ಬೇರೆ ಮಾತು. ಇಷ್ಟು ಸಣ್ಣ ವ್ಯತ್ಯಾಸ ಕಾಣದವರ ಜೊತೆ ಚರ್ಚೆ ಮಾಡಲ್ಲ.

ಸಕಲೇಶಪುರದವರೇ, ಸೀಳು ಮತ್ತು ಸಿಳ್ಳಿನ ವಿಷಯ ನೀವು ನಂಬದಿದ್ದರೆ ಬಿಡಿ. ಗಾಳಿ ಅಲಗಿಗೆ ಬಡಿದು ಒಳಗೂ ಹೊರಗೂ ಹೋಗುತ್ತೆ ಅಂತ ನೀವೇ ಬರೆದಿದ್ದೀರಿ, ಅದಕ್ಕೆ ಕನ್ನಡದಲ್ಲಿ ಸೀಳುವುದು ಅನ್ನುತ್ತಾರೆ. ಬೆಣೆ ಒಪ್ಪಿದೆ.

ಹಾಸನದಿಂದ:

ವಿಷಲ್ ಎಂಬ ವಸ್ತು ನಿಮ್ಮ ಮನೆಯಲ್ಲಿ ಯಾವಾಗ ಇತ್ತು? ಬಾಯಿ ಸಿಳ್ಳೆ ಇತ್ತು, ಅಷ್ಟೇ. ಇರಲಿ.

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ರಾತ್ರಿ ತಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಮೆಲ್ಲಗೆ ಊದಿದಾಗ ಕೈ ಗೊತ್ತಾಗುತ್ತೆ ಅನ್ನುವ ಮಾತಿಗೆ ಎದ್ದು ಹೋಗಿ, ಕಡೆದಿಟ್ಟಿದ್ದ ಹದಿನಾಲ್ಕನ್ನೂ ಒಂದೊಂದಾಗಿ ಮೆಲ್ಲಗೆ ಊದಿ ನೋಡಿ ಮೂರನ್ನು ಬದಿಗೆ ಇಟ್ಟ. ಅವನ್ನು ಮಾರಲ್ಲವಂತೆ, ಬೆಣೆ ಬಿಚ್ಚಿ ಮತ್ತೆ ಕೂರಿಸುತ್ತಾನಂತೆ.

ಚಿಕ್ಕದಕ್ಕೆ ವಿಷಲ್ ಅಂತಲೇ ಇರಲಿ ಅಂದುಕೊಂಡೆವು. ಅದು ಕಂಡಕ್ಟರ್ ಊದುವುದರ ತಂಗಿಯೇ, ಮಕ್ಕಳು ಹಾಗೆಯೇ ಕೇಳುತ್ತಾರೆ. ದೊಡ್ಡದಕ್ಕೆ ಸಿಳ್ಳುಗೊಳಲು. ಬೋರ್ಡಿನಲ್ಲಿ ಮೇಲಿನ ಸಾಲು ‘ಮರದ ಸಿಳ್ಳುಗೊಳಲು’, ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ‘ನೇರ ಹಿಡಿದು ಊದಿ’. ವಿಷಲ್ ಅಂತ ವಿವರಣೆ ಹಾಕಿಲ್ಲ. ಅಳತೆ ಕೊಟ್ಟು ಬಂದಿದ್ದೇನೆ.

ಬೇಲೂರಿನಿಂದ:

ಒಳ್ಳೆಯದಾಯಿತು. ಈಗಲೇ ಬೋರ್ಡಿನವರಿಗೆ ಫೋನ್ ಮಾಡಿ, ಸಕಾರ ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಶಿಳ್ಳೆ ಅಂತ ಬರೆದು ಒಣಗಿಸಿಯೂ ಆಗಿರುತ್ತೆ.