ಸಿ ಶಿಫ್ಟ್ ವಾರ: ನಿದ್ದೆನೂ ಇಲ್ಲ, ಮನಸ್ಸೂ ನೆಟ್ಟಗಿಲ್ಲ

ರಾಯಚೂರು_ಸಿಶಿಫ್ಟ್:
ವಾರಕ್ಕೊಮ್ಮೆ ಪಾಳಿ ಬದಲು: ಸಿ (ರಾತ್ರಿ 10–6), ಆಮೇಲೆ ಬಿ (2–10), ಆಮೇಲೆ ಎ (6–2). ಸಿ ವಾರದಾಗ ಹಗಲು ನಾಲ್ಕು ತಾಸಿನ ಮ್ಯಾಲೆ ನಿದ್ದೆ ಹತ್ತಂಗಿಲ್ಲ. ಸಿಟ್ಟು, ಬೇಸರ ಬ್ಯಾರೆ. ದೇಹದ ಗಡಿಯಾರನ ಪೂರ್ತಿ ರಾತ್ರಿಗೆ ತಿರುಗಿಸಬಹುದಾ?

ಹಗರಿದಂಡೆ:
ಲೆಕ್ಕ ಕೂಡಂಗಿಲ್ರಿ. ಮಿದುಳಿನ ಗಡಿಯಾರ ಸರಿಯೋದು ದಿನಕ್ಕೆ ಹೆಚ್ಚುಕಮ್ಮಿ ಒಂದು ತಾಸು. ಎಂಟು ತಾಸು ಸರಿಯೋದ್ರಾಗ ಸಿ ವಾರನೇ ಮುಗಿದಿರ್ತದ. ಅದಕ್ಕ ನಿದ್ದೆ ಎರಡು ಕಂತು ಮಾಡ್ರಿ: ಬೆಳಿಗ್ಗೆ 8ರಿಂದ 1, ಸಂಜೆ 7ರಿಂದ 8.30. ಕೊನೇ ಚಹಾ ರಾತ್ರಿ 2ಕ್ಕೆ. ಕೆಫೀನ್ ಅರ್ಧ ಇಳಿಯಾಕ ಸುಮಾರು ಐದು ತಾಸು ಬೇಕು. 3 ಗಂಟೆಗೆ ಕ್ಯಾಂಟೀನ್ ಮಿರ್ಚಿನೂ ಬ್ಯಾಡ. 2022ರಲ್ಲಿ ಪ್ರಕಟವಾದ ಪ್ರಯೋಗದಾಗ 19 ಜನರನ್ನ ಕೃತಕ ರಾತ್ರಿಪಾಳಿಗೆ ಹಾಕಿದ್ರು. ರಾತ್ರಿನೂ ಉಂಡವರಿಗೆ ಖಿನ್ನತೆಯಂಥ ಭಾವ 26% ಏರಿತು, ಹಗಲಷ್ಟೇ ಉಂಡವರಿಗೆ ಏರಲಿಲ್ಲ. ಸಣ್ಣ ಪ್ರಯೋಗ ಖರೆ, ಆದ್ರ ಮಾಡಿನೋಡಾಕ ಖರ್ಚೇನಿಲ್ಲ.

ಎರೆಮಣ್ಣು:
ಮೇ ತಿಂಗಳಲ್ಲಿ ಬೆಳಕಿಗಿಂತ ಸೆಕೆಯೇ ವೈರಿ. ಮೈಬಿಸಿ ಇಳಿಯದೆ ಗಾಢ ನಿದ್ದೆ ಬರುವುದಿಲ್ಲ. ಕಿಟಕಿಗೆ ಕರಿ ಬಟ್ಟೆ ಬಿಗಿದು ಕೂಲರ್ ಹಚ್ಚಬೇಡಿ. ಗಾಳಿ ಹೊರಹೋಗದೆ ಕೋಣೆ ತೇವವಾಗಿ ಬೆವರು ಆರುವುದೇ ಇಲ್ಲ. ಬಟ್ಟೆ ಗೇಣು ದೂರದಲ್ಲಿ ಜೋತುಬಿಡಿ, ಕಿಟಕಿ ತೆರೆದಿರಲಿ. ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿದರೆ ಬೆಳಗಿನ ಬಿಸಿಲು ನಿದ್ದೆ ಕೆಡಿಸುವುದು ಕಡಿಮೆ. ಬಸ್ಸಿನಲ್ಲಿ ಕೂತು ಬರುವವರಿಗೆ ಮಾತ್ರ! ಬೈಕಿನಲ್ಲಿ ತೂಕಡಿಕೆ ಹೆಚ್ಚಾದೀತು.

ರಾಯಚೂರು_ಸಿಶಿಫ್ಟ್:
ಕ್ವಾರ್ಟರ್ ಹಾಕಿ ಮಲಗಿದ್ರ?

ಕೋಟೆಬಾಗಿಲು:
ನಿದ್ದೆ ಬೇಗ ಬರುತ್ತೆ, ಎರಡು-ಮೂರು ತಾಸಿಗೆ ಒಡೆಯುತ್ತೆ. ಬೇಡ.

ನಿಮ್ಮ ಪಾಳಿಯ ಕ್ರಮವೇ ಉಲ್ಟಾ. ದೇಹದ ಗಡಿಯಾರದ ಸುತ್ತು ಬಹುತೇಕರಲ್ಲಿ 24 ತಾಸಿಗಿಂತ ತುಸು ಉದ್ದ. ನಿದ್ದೆ ಮುಂದೂಡುವುದು ಸಲೀಸು, ಬೇಗ ಮಲಗುವುದು ಕಷ್ಟ. ಎ–ಬಿ–ಸಿ ಮಾಡಿಸಲು ಯೂನಿಯನ್ ಮೂಲಕ ಕೇಳಿ.

ರಜೆಯಲ್ಲಿ ಚೆನ್ನಾಗಿ ಮಲಗಿದರೂ ಬೇಸರ ಎರಡು ವಾರ ಎಳೆದರೆ ಅದು ಬರೀ ದಣಿವಲ್ಲ, ವೈದ್ಯರಿಗೆ ತೋರಿಸಿ. ಇದಕ್ಕಿಂತ ಜನ ಗಮನಿಸದಿರುವುದು ಇನ್ನೊಂದು: ಮೂರೇ ತಾಸು ಮಲಗಿಯೂ ದಣಿವಿಲ್ಲ, ಮಾತು-ಖರ್ಚು ಮಿತಿಮೀರಿದೆ ಎಂದರೆ ಬೈಪೋಲಾರ್ (ಮನಸ್ಸು ಅತಿ ಹುರುಪು, ಅತಿ ಬೇಸರದ ನಡುವೆ ತೂಗುವ ಕಾಯಿಲೆ) ಇರಬಹುದು. ನಿದ್ದೆಗೇಡೇ ಅದನ್ನು ಕೆರಳಿಸುತ್ತೆ. ತಡಮಾಡದೆ ಮನೋವೈದ್ಯರನ್ನು ಕಂಡು, ರಾತ್ರಿ ಪಾಳಿ ತಪ್ಪಿಸಲು ಚೀಟಿ ಬರೆಸಿಕೊಳ್ಳಿ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಮಾದರಿಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ರೂಪಿಸಿದ್ದೇ ನಮ್ಮ ಬಳ್ಳಾರಿಯಲ್ಲಿ, ಹಾಗಾಗಿ ಸಂಕೋಚ ಬೇಡ. ಅಪರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.