ದೂರದಲ್ಲಿರುವವಳಿಗೆ ಶಿರಸಿಯ ದಿನಚರಿಯಲ್ಲಿ ಏನನ್ನು ಹೇಳಲಿ?

ಪ್ರಶ್ನೆ

ನಾನು ಶಿರಸಿಯಲ್ಲಿ ಸಣ್ಣದೊಂದು ಅಂಗಡಿ ನಡೆಸುತ್ತಿದ್ದೇನೆ. ನಾನು ಮದುವೆಯಾಗಬೇಕೆಂದಿರುವ ಹುಡುಗಿಯೂ ಇದೇ ಊರಿನವಳು. ಕಳೆದ ಅಕ್ಟೋಬರಿನಿಂದ ಜರ್ಮನಿಯಲ್ಲಿ ಓದುತ್ತಿದ್ದಾಳೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆಯ ಅಂತರವಿರುವುದರಿಂದ, ಅವಳು ತರಗತಿ ಮುಗಿಸಿ, ಅಡುಗೆ ಮಾಡಿಕೊಂಡು ಫೋನ್ ಹಿಡಿಯುವ ಹೊತ್ತಿಗೆ ಇಲ್ಲಿ ನಡುರಾತ್ರಿಯಾಗಿರುತ್ತದೆ. ಮೊದಲು ಗಂಟೆಗಟ್ಟಲೆ ಮಾತಾಡುತ್ತಿದ್ದ ನಾವು ಈಗ ‘ಊಟ ಆಯ್ತಾ’, ‘ಆಯ್ತು’, ‘ಚಳಿಯಾ’, ‘ಹೂಂ’ ಎಂಬಲ್ಲಿಗೆ ಬಂದು ನಿಂತಿದ್ದೇವೆ. ಮುನಿಸೇನೂ ಇಲ್ಲ. ಅವಳಿಗೆ ದಿನವೂ ಹೊಸತು. ನನಗೆ ಅಂಗಡಿ, ಮನೆ, ಸಂಜೆ ದೇವಿಕೆರೆಯ ಕಡೆಗೊಂದು ನಡಿಗೆ. ಮಾರಿಕಾಂಬೆಯ ಜಾತ್ರೆಯೇ ಎರಡು ವರ್ಷಕ್ಕೊಮ್ಮೆ ಬರುವ ಊರಿನಲ್ಲಿ ದಿನವೂ ಹೇಳುವಂಥದ್ದು ಏನಿರುತ್ತದೆ?

ಉತ್ತರ 1

ಜಾತ್ರೆಯನ್ನು ಬಿಡಿ. ತೇರಿನ ವಿಡಿಯೊ ಯೂಟ್ಯೂಬಿನಲ್ಲಿ ಸಿಗುತ್ತದೆ, ಅದಕ್ಕೆ ನೀವು ಬೇಕಾಗಿಲ್ಲ. ನಾನು ಆರು ವರ್ಷ ಮಸ್ಕತ್ತಿನಲ್ಲಿದ್ದೆ. ಈಗ ನನ್ನ ಹೆಂಡತಿಯಾಗಿರುವವಳು ಆಗ ಸಿದ್ದಾಪುರದ ಕಡೆಯ ತನ್ನ ಮನೆಯಲ್ಲಿದ್ದಳು. ಅಡಿಕೆಗೊನೆ ಕೊಯ್ಯುವ ದಿನಗಳಲ್ಲಿ ಒಂದು ರಾತ್ರಿ ಅಡಿಕೆ ಸುಲಿಯಲು ಕುಳಿತವಳು ಕರೆಯನ್ನು ಕಡಿಯದೆ ಫೋನನ್ನು ಪಕ್ಕದಲ್ಲಿಟ್ಟುಕೊಂಡಳು. ಮೆಟ್ಟುಗತ್ತಿಯ ಸದ್ದು, ಬುಟ್ಟಿಗೆ ಬೀಳುವ ಅಡಿಕೆ, ಯಾರದೋ ಮನೆಯ ಎಮ್ಮೆ ಕಟ್ಟು ಹರಿದುಕೊಂಡು ಹೋದ ಕಥೆ, ನಡುವೆ ಅವರ ಅಜ್ಜಿಯ ಕೆಮ್ಮು. ಮುಕ್ಕಾಲು ಗಂಟೆಯಲ್ಲಿ ನಾವಿಬ್ಬರೂ ಆಡಿದ್ದು ಹತ್ತು ಮಾತಿರಲಿಕ್ಕಿಲ್ಲ. ಆ ರಾತ್ರಿ ನಾನು ನಿಜಕ್ಕೂ ಆ ಅಂಗಳದಲ್ಲೇ ಕುಳಿತಿದ್ದೆ.

ಉತ್ತರ 2

ನಮ್ಮ ಕಾಲದಲ್ಲಿ ಇದ್ದದ್ದು ಇನ್‌ಲ್ಯಾಂಡ್ ಪತ್ರ ಮತ್ತು ರಾತ್ರಿ 11ರ ನಂತರ ಕಾಲು ದರಕ್ಕಿಳಿಯುತ್ತಿದ್ದ ಎಸ್‌ಟಿಡಿ. ಬೂತಿನ ಮೀಟರಿನಲ್ಲಿ ಕೆಂಪು ಅಂಕಿ ಓಡುವುದನ್ನು ನೋಡುತ್ತಾ ನಿಂತರೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತಿತ್ತು. ಹಾಗಾಗಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಒಂದೊಂದೇ ಪದ ಗುರುತು ಹಾಕಿಕೊಳ್ಳುತ್ತಿದ್ದೆ. ನಿಮಗೂ ಇದು ಉಪಯೋಗಕ್ಕೆ ಬಂದೀತು, ಏಕೆಂದರೆ ಹಗಲಿನಲ್ಲಿ ನಗಿಸಿದ ಸಂಗತಿ ನಡುರಾತ್ರಿಗೆ ನೆನಪಿರುವುದಿಲ್ಲ. ಇನ್ನು, ಅವಳಿಗೆ ದಿನವೂ ಹೊಸತು ಎಂದು ನೀವು ಬರೆದದ್ದು ನನಗೆ ಸರಿ ಕಾಣಲಿಲ್ಲ. ಒಬ್ಬಳೇ ಪಾತ್ರೆ ತೊಳೆಯುವುದರಲ್ಲಿ ಹೊಸತೇನಿದೆ? ಅದನ್ನೂ ಕೇಳಿ. ಭಾನುವಾರವಾದರೂ ಅವಳ ಬೆಳಗಿನ ಎಂಟು ಗಂಟೆಗೆ, ಎಂದರೆ ನಿಮ್ಮ ಹನ್ನೆರಡೂವರೆಗೆ, ಮಾತಾಡಿ. ತೂಕಡಿಸುವವನಿಗೆ ಯಾವ ಕಥೆಯೂ ಹೊಳೆಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಶನಿವಾರ ಅಂಗಡಿಯ ಎದುರು ತರಕಾರಿ ಮಾರುವ ಅಮ್ಮ ಚಿಲ್ಲರೆ ಎಣಿಸುತ್ತಿದ್ದಾಗ ಹಸುವೊಂದು ಬುಟ್ಟಿಯಿಂದ ಕೊತ್ತಂಬರಿಯ ಇಡೀ ಕಟ್ಟನ್ನೇ ಎತ್ತಿಕೊಂಡು ಹೋಯಿತು. ರಟ್ಟಿನ ತುಂಡಿನ ಮೇಲೆ ‘ಹಸು’ ಎಂದು ಬರೆದಿಟ್ಟುಕೊಂಡಿದ್ದೆ. ಭಾನುವಾರ ಮಧ್ಯಾಹ್ನ ಹೇಳುತ್ತಾ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಅವಳು ತಡೆದು, ‘ಎಡಗೋಡು ಮುರಿದ ಕಪ್ಪು ಹಸುವಾ?’ ಎಂದು ಕೇಳಿದಳು. ಅದೇ. ಅವಳ ಶಾಲೆಯ ಗೇಟಿನಲ್ಲಿ ಮಲಗಿರುತ್ತಿದ್ದದ್ದೂ ಅದೇ ಅಂತೆ.